ಉಪ್ಪ-ಉಮ್ಮನ ಹಡಗು ಪ್ರವಾಸ: ವಿಮೆ ಫಾರಂನಲ್ಲಿ ‘ಇಲ್ಲ’ ಎಂದು ಒತ್ತುವ ಮುನ್ನ

ಮಳೆಗಾಲ ಕಳೆಯಿತೆಂದರೆ ಪಣಂಬೂರಿನ ನವಮಂಗಳೂರು ಬಂದರಿಗೆ ವಿದೇಶಿ ಪ್ರವಾಸಿ ಹಡಗುಗಳು ಬರತೊಡಗುತ್ತವೆ. ಅವುಗಳಿಂದ ಇಳಿದು ಊರು ಸುತ್ತುವವರಲ್ಲಿ ಹೆಚ್ಚಿನವರು ತಲೆ ನರೆತವರು, ಕೆಲಸದಿಂದ ನಿವೃತ್ತರಾದವರು. ಇಷ್ಟು ವರ್ಷ ನಾವು ಅವರನ್ನು ದಡದಲ್ಲಿ ನಿಂತು ನೋಡಿದವರು. ನಮ್ಮ ಹಿರಿಯರಿಗೆ ದೂರದ ಹಡಗು ಪ್ರಯಾಣ ಎಂದರೆ ಹಜ್ ಹಡಗು. ಮುಂಬೈಯಿಂದ ಜಿದ್ದಾಕ್ಕೆ ಹೋಗುತ್ತಿದ್ದ ಆ ಹಡಗು 1995ಕ್ಕೆ ನಿಂತುಹೋಯಿತು.

ಈಗ ಕಾಲ ಬದಲಾಗಿದೆ. ಗಲ್ಫ್‌ನಲ್ಲಿರುವ ಮಕ್ಕಳು ಉಪ್ಪ-ಉಮ್ಮನನ್ನು ಕರೆಸಿಕೊಂಡು ದುಬೈಯಿಂದ ಒಂದು ವಾರದ ಕ್ರೂಸ್‌ಗೆ ಕಳಿಸುತ್ತಾರೆ. ಮುಂಬೈಯಿಂದ ಲಕ್ಷದ್ವೀಪದ ಕಡೆಗೂ ಹಡಗು ಹೋಗುತ್ತದೆ. ಜಿದ್ದಾದಿಂದಲೇ ಕೆಂಪು ಸಮುದ್ರದಲ್ಲಿ ಸುತ್ತುವ ಸೌದಿಯ ‘ಅರೋಯಾ’ ಹಡಗು 2024ರ ಡಿಸೆಂಬರ್‌ನಲ್ಲಿ ಶುರುವಾಯಿತು. ಕೈಯಲ್ಲಿ ಸ್ವಲ್ಪ ಹಣ ಇರುವವರು ಯುರೋಪು, ಸಿಂಗಾಪುರ, ಆಸ್ಟ್ರೇಲಿಯಾ ಎಂದು ಎರಡು-ಮೂರು ವಾರಗಳ, ತಿಂಗಳುಗಟ್ಟಲೆಯ ಪ್ರವಾಸಕ್ಕೂ ಬುಕ್ ಮಾಡುತ್ತಿದ್ದಾರೆ. ಹತ್ತಾರು ವರ್ಷ ದುಡಿದ ಜೀವಗಳು ನಾಲ್ಕು ದಿನ ಸಮುದ್ರ ನೋಡಲಿ, ಒಳ್ಳೆಯದೇ.

ಆದರೆ ಟಿಕೆಟ್‌ಗೆ ಲಕ್ಷಗಟ್ಟಲೆ ಕೊಡುವ ನಾವು ವಿಮೆಗೆ ಬಂದಾಗ ಐದು ನಿಮಿಷ ಕೊಡುವುದಿಲ್ಲ. "ವೀಸಾಕ್ಕೆ ಒಂದು ಕಾಗದ ಬೇಕಂತೆ, ಯಾವುದು ಕಮ್ಮಿಯೋ ಅದನ್ನು ಮಾಡು" ಎನ್ನುತ್ತೇವೆ.

ವಿಮೆ ನಮಗೆ ಆಗುತ್ತದಾ ಎಂಬ ಪ್ರಶ್ನೆಯೂ ನಮ್ಮ ಮನೆಗಳಲ್ಲಿ ಬರುತ್ತದೆ. ಅದು ನಿಮ್ಮ ಉಸ್ತಾದರ ಬಳಿ ಕೇಳಬೇಕಾದ ವಿಷಯ. ಗಲ್ಫ್ ದೇಶಗಳಲ್ಲಿ ತಕಾಫುಲ್ ಕಂಪೆನಿಗಳಿವೆ, ಅಲ್ಲಿ ವಾಸದ ಪರವಾನಗಿ ಇರುವವರು ಮೊದಲು ಅಲ್ಲಿ ವಿಚಾರಿಸಬಹುದು. ಯಾವುದನ್ನು ತೆಗೆದುಕೊಂಡರೂ ಮುಂದೆ ಹೇಳುವ ಮಾತುಗಳು ಅನ್ವಯಿಸುತ್ತವೆ.

ಒಂದು ‘ಇಲ್ಲ’ದ ಬೆಲೆ

ನಮ್ಮಲ್ಲಿ ಫಾರಂ ತುಂಬುವವರು ಯಾರು? ಹೆಚ್ಚಾಗಿ ಮಗ ಅಥವಾ ಅಳಿಯ. ಅವನು ದುಬೈಯಲ್ಲೋ ದಮ್ಮಾಮ್‌ನಲ್ಲೋ ಕೂತು ಮೊಬೈಲ್‌ನಲ್ಲೇ ತುಂಬುತ್ತಾನೆ. ‘ಮೊದಲಿನಿಂದ ಇರುವ ಕಾಯಿಲೆ ಇದೆಯೇ?’ ಎಂಬ ಪ್ರಶ್ನೆ ಬಂದಾಗ ‘ಇಲ್ಲ’ ಎಂದು ಒತ್ತುತ್ತಾನೆ. ‘ಇದೆ’ ಎಂದರೆ ಕಂತು ಜಾಸ್ತಿ ಆದೀತು, ಇನ್ನಷ್ಟು ಕಾಗದ ಕೇಳಿಯಾರು ಎಂಬ ಲೆಕ್ಕ. ಇತ್ತ ಊರಲ್ಲಿ ಉಪ್ಪ ಬೆಳಿಗ್ಗೆ ಶುಗರ್ ಮಾತ್ರೆ ತಿಂದು ಕೂತಿರುತ್ತಾರೆ, ಉಮ್ಮನ ಬಿಪಿ ಮಾತ್ರೆ ಹತ್ತು ವರ್ಷದಿಂದ ನಡೆಯುತ್ತಿರುತ್ತದೆ.

ಇದರ ಫಲ ಕಾಣುವುದು ಕಾಯಿಲೆ ಬಿದ್ದಾಗ. ಎದೆನೋವು ಎಂದು ಹಡಗಿನ ವೈದ್ಯರ ಬಳಿ ಹೋದರೆ ಅವರು ಕೇಳುವ ಮೊದಲ ಪ್ರಶ್ನೆಯೇ ಹಳೆಯ ಕಾಯಿಲೆಯದು. ಉಪ್ಪ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾರೆ, ಹೇಳಲೇಬೇಕು. ಅದು ಚೀಟಿಯಲ್ಲಿ ದಾಖಲಾಗುತ್ತದೆ. ಕ್ಲೈಮ್ ಹೋದಾಗ ಕಂಪೆನಿ ಆ ಚೀಟಿಯನ್ನು ನೋಡುತ್ತದೆ, ಊರಿನ ವೈದ್ಯರ ಹಳೆಯ ದಾಖಲೆಯನ್ನೂ ಕೇಳುತ್ತದೆ. ಫಾರಂನಲ್ಲಿ ‘ಇಲ್ಲ’, ಚೀಟಿಯಲ್ಲಿ ‘ಹನ್ನೆರಡು ವರ್ಷದಿಂದ ಇದೆ’. ಕ್ಲೈಮ್ ತಳ್ಳಿಹಾಕಲು ಇದೊಂದೇ ಕಾರಣ ಸಾಕು.

ಹಾಗೆಂದು ‘ಇದೆ’ ಎಂದು ಬರೆದ ಕೂಡಲೇ ಎಲ್ಲವೂ ಸಿಗುತ್ತದೆ ಎಂದೂ ಅಲ್ಲ. ನಮ್ಮ ದೇಶದ ಹಲವು ಪ್ರವಾಸ ವಿಮೆಗಳು ಹಳೆಯ ಕಾಯಿಲೆಯನ್ನು ಹೊರಗಿಡುತ್ತವೆ. ಜೀವಕ್ಕೆ ಅಪಾಯ ಬಂದರೆ ಮಾತ್ರ, ಅದೂ ಒಂದು ಮಿತಿಯೊಳಗೆ ಕೊಡುವಂಥವು ಇವೆ. ಹೆಚ್ಚುವರಿ ಕಂತು ಕಟ್ಟಿದರೆ ಹಳೆಯ ಕಾಯಿಲೆಯನ್ನೂ ಸೇರಿಸಿಕೊಳ್ಳುವಂಥವೂ ಇವೆ. ಅರುವತ್ತು ದಾಟಿದವರು ಹುಡುಕಬೇಕಾದದ್ದು ಈ ಎರಡನೆಯದನ್ನು. ಕಂತು ಜಾಸ್ತಿ, ನಿಜ. ಆದರೆ ಸುಳ್ಳು ಹೇಳಿ ಕಮ್ಮಿಗೆ ಕೊಂಡ ಪಾಲಿಸಿ ಬೇಕಾದ ದಿನ ಕೈಕೊಡುತ್ತದೆ.

ಹಡಗಿನಲ್ಲಿರುವುದು ದವಾಖಾನೆ, ಆಸ್ಪತ್ರೆ ಅಲ್ಲ

ದೊಡ್ಡ ಹಡಗಿನಲ್ಲಿ ವೈದ್ಯರು, ನರ್ಸ್‌ಗಳು, ಇಸಿಜಿ, ಎಕ್ಸ್‌ರೇ, ಸಣ್ಣಪುಟ್ಟ ರಕ್ತಪರೀಕ್ಷೆ ಇರುತ್ತದೆ. ಹೃದಯದ ಬ್ಲಾಕ್ ತೆಗೆಯುವುದು, ದೊಡ್ಡ ಶಸ್ತ್ರಚಿಕಿತ್ಸೆ ಇವೆಲ್ಲ ಅಲ್ಲಿ ಆಗುವುದಿಲ್ಲ. ರೋಗಿಯನ್ನು ಒಂದು ಹಂತಕ್ಕೆ ಸ್ಥಿರಗೊಳಿಸಿ ದಡಕ್ಕೆ ಒಪ್ಪಿಸುವುದು ಅವರ ಕೆಲಸ. ವೈದ್ಯರನ್ನು ನೋಡಿದ್ದಕ್ಕೆ ಬಿಲ್ ಇದೆ. ಅದು ಸಾಮಾನ್ಯವಾಗಿ ಡಾಲರ್ ಅಥವಾ ಯೂರೋದಲ್ಲಿ ಕೋಣೆಯ ಖಾತೆಗೆ ಸೇರುತ್ತದೆ. ಕಾರ್ಡ್‌ನಿಂದ ನಾವೇ ಕಟ್ಟಿ, ರಶೀದಿ ಹಿಡಿದುಕೊಂಡು ಆಮೇಲೆ ವಿಮೆಯಿಂದ ಕೇಳಬೇಕು.

ಸ್ಥಿತಿ ಗಂಭೀರವಾದರೆ ಹಡಗು ಹತ್ತಿರದ ಬಂದರಿಗೆ ತಿರುಗಬಹುದು, ದಡ ಹತ್ತಿರವಿದ್ದರೆ ಹೆಲಿಕಾಪ್ಟರ್ ಬರಬಹುದು. ಆ ಬಂದರು ಯಾವ ದೇಶದ್ದು, ಅಲ್ಲಿ ಎಂಥ ಆಸ್ಪತ್ರೆ ಇದೆ ಎಂಬುದು ನಮ್ಮ ಆಯ್ಕೆ ಅಲ್ಲ. ಅಲ್ಲಿಂದ ಊರಿಗೆ ಏರ್ ಆಂಬುಲೆನ್ಸ್ ಬೇಕಾದರೆ ಖರ್ಚು ಹತ್ತಾರು ಸಾವಿರ ಡಾಲರ್ ಆಗುತ್ತದೆ. ಊರಿನ ಆಸ್ಪತ್ರೆಯ ಹೆಲ್ತ್ ಕಾರ್ಡ್, ಆಯುಷ್ಮಾನ್ ಕಾರ್ಡ್ ಅಲ್ಲಿ ನಡೆಯುವುದಿಲ್ಲ. ಮಾಮೂಲಿ ಮೆಡಿಕ್ಲೈಮ್ ಕೂಡ ಹೆಚ್ಚಾಗಿ ದೇಶದೊಳಗಿನದು. ಉಮ್ರಾ ವೀಸಾದ ಜೊತೆ ಬರುವ ವಿಮೆ ಸೌದಿಯ ಒಳಗೆ ಮಾತ್ರ.

ಆದ್ದರಿಂದ ಪಾಲಿಸಿ ನೋಡುವಾಗ ಮೊದಲು ಕಣ್ಣು ಹೋಗಬೇಕಾದದ್ದು ಎರಡು ಅಂಕಿಗಳ ಮೇಲೆ: ಚಿಕಿತ್ಸೆಗೆ ಎಷ್ಟು, ರೋಗಿಯನ್ನು ಸಾಗಿಸಲು ಎಷ್ಟು. ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋದ ವಿಮೆ ಬೇಕೆಂಬ ನಿಯಮವಿದೆ. ಅದು ವೀಸಾ ಸಿಗಲು ಬೇಕಾದ ಕನಿಷ್ಠ ಮಾತ್ರ. ನಡುಸಮುದ್ರದಿಂದ ವಯಸ್ಸಾದ ರೋಗಿಯನ್ನು ಇಳಿಸಿ, ಆಸ್ಪತ್ರೆಗೆ ಸೇರಿಸಿ, ಊರಿಗೆ ತರಲು ಅಷ್ಟು ಸಾಕೆಂದು ಲೆಕ್ಕ ಹಾಕಬೇಡಿ. ಸಾಗಾಟದ ಹಣ ಚಿಕಿತ್ಸೆಯ ಮೊತ್ತದ ಒಳಗೇ ಬರುತ್ತದಾ, ಪ್ರತ್ಯೇಕವಾ ಎಂದು ಕೇಳಿ. ಕೆಲವು ಪಾಲಿಸಿಗಳಲ್ಲಿ ವಯಸ್ಸಾದವರಿಗೆ ಒಂದೊಂದು ಚಿಕಿತ್ಸೆಗೂ ಬೇರೆ ಮಿತಿ ಇರುತ್ತದೆ, ಅದನ್ನೂ ಕೇಳಿ. ಹಡಗಿನ ಮೇಲಿನ ಚಿಕಿತ್ಸೆ ಸೇರುತ್ತದಾ ಎಂದು ಬರಹದಲ್ಲಿ ತರಿಸಿಕೊಳ್ಳಿ. ಬ್ಯಾಗ್ ಕಳೆದರೆ ಎಷ್ಟು, ಪಾಸ್‌ಪೋರ್ಟ್ ಕಳೆದರೆ ಎಷ್ಟು ಎಂಬುದನ್ನು ಕೊನೆಗೆ ನೋಡಿದರೂ ಸಾಕು.

ಕಟ್ಟಿದ ಹಣ ವಾಪಸ್ ಬರುತ್ತದಾ?

ಕ್ರೂಸ್ ಟಿಕೆಟ್ ಬಸ್ ಟಿಕೆಟ್‌ನ ಹಾಗಲ್ಲ. ಬುಕ್ ಮಾಡುವಾಗ ಮುಂಗಡ, ಹೊರಡುವ ಎರಡು-ಮೂರು ತಿಂಗಳ ಮೊದಲೇ ಪೂರ್ತಿ ಹಣ. ದಿನ ಹತ್ತಿರ ಬಂದಷ್ಟೂ ರದ್ದತಿ ದಂಡ ಏರುತ್ತಾ ಹೋಗಿ, ಕೊನೆಯ ವಾರಗಳಲ್ಲಿ ಒಂದು ರೂಪಾಯಿಯೂ ಸಿಗದ ಸ್ಥಿತಿ ಬರಬಹುದು.

ಒಂದು ಲೆಕ್ಕ ಹಾಕಿ ನೋಡೋಣ. ಗಂಡ-ಹೆಂಡತಿಗೆ 12 ಲಕ್ಷ ರೂಪಾಯಿ ಕಟ್ಟಿದ್ದೀರಿ ಎಂದಿಟ್ಟುಕೊಳ್ಳಿ. ಪಾಲಿಸಿಯಲ್ಲಿ ‘ಪ್ರವಾಸ ರದ್ದತಿ: ತಲಾ 1,000 ಡಾಲರ್’ ಎಂದಿದೆ. ಹೊರಡುವ ವಾರ ಉಮ್ಮ ಬಿದ್ದು ಸೊಂಟದ ಮೂಳೆ ಮುರಿಯಿತು. ಕೈಗೆ ಬರುವುದು ಇಬ್ಬರಿಗೂ ಸೇರಿ ಎರಡು ಲಕ್ಷದ ಒಳಗೆ. ಉಳಿದ ಹತ್ತು ಲಕ್ಷ ಹೋಯಿತು. ಪಾಲಿಸಿಯ ಮೇಲೆ ದೊಡ್ಡದಾಗಿ ಬರೆದ ಲಕ್ಷ ಡಾಲರ್ ಚಿಕಿತ್ಸೆಗೆ, ರದ್ದತಿಗಲ್ಲ. ಆದ್ದರಿಂದ ರದ್ದತಿಯ ಮೊತ್ತ ನೀವು ಕಟ್ಟಿದ ಹಣದ ಹತ್ತಿರವಾದರೂ ಇರುವ ಪಾಲಿಸಿ ಸಿಗುತ್ತದಾ ಎಂದು ನೋಡಿ. ಸಿಗದಿದ್ದರೆ ದಂಡ ಕಡಿಮೆ ಇರುವ ಟಿಕೆಟ್ ಆರಿಸಿ. ಮುಂಗಡ ಕಟ್ಟಿದ ಕೂಡಲೇ ವಿಮೆ ಮಾಡಿಸಿ. ಹೊರಡುವ ಹಿಂದಿನ ದಿನ ಮಾಡಿಸಿದರೆ ರದ್ದತಿಯ ಭಾಗ ದಂಡವೇ.

ಯಾವ ಕಾರಣಕ್ಕೆ ರದ್ದಾದರೆ ಕೊಡುತ್ತಾರೆ ಎಂಬ ಪಟ್ಟಿಯೂ ಇರುತ್ತದೆ. ಪ್ರಯಾಣಿಕರ ಅಥವಾ ಹತ್ತಿರದ ಸಂಬಂಧಿಯ ಮರಣ, ಆಸ್ಪತ್ರೆ ವಾಸ ಸಾಮಾನ್ಯವಾಗಿ ಇರುತ್ತದೆ. ವೀಸಾ ಸಿಗಲಿಲ್ಲ, ಮಗನಿಗೆ ರಜೆ ಸಿಗಲಿಲ್ಲ ಎಂಬುದು ಹೆಚ್ಚಿನವುಗಳಲ್ಲಿ ಇರುವುದಿಲ್ಲ.

ಕಂಪೆನಿಯೇ ಕೈಕೊಟ್ಟರೆ? 2023ರಲ್ಲಿ ‘ಲೈಫ್ ಅಟ್ ಸೀ’ ಎಂಬ ಮೂರು ವರ್ಷದ ಪ್ರವಾಸ ಹಡಗೇ ಸಿಗದೆ ರದ್ದಾಯಿತು. ಮನೆ ಬಿಟ್ಟುಬಂದ ಪ್ರಯಾಣಿಕರು ಹಣಕ್ಕಾಗಿ ಕಾಯಬೇಕಾಯಿತು. ಮರುವರ್ಷ ‘ವಿಲ್ಲಾ ವೀ ಒಡಿಸ್ಸಿ’ ಎಂಬ ಹಡಗು ದುರಸ್ತಿಗೆಂದು ಬೆಲ್‌ಫಾಸ್ಟ್‌ನಲ್ಲಿ ಸುಮಾರು 4 ತಿಂಗಳು ನಿಂತಿತು. 2024ರ ಆರಂಭದಲ್ಲಿ ಕೆಂಪು ಸಮುದ್ರದ ದಾಳಿಗಳಿಂದಾಗಿ ಹಲವು ಹಡಗುಗಳು ದಾರಿ ಬದಲಿಸಿ ಆಫ್ರಿಕಾ ಸುತ್ತಿ ಹೋದವು. ದಾರಿ ಬದಲಿಸುವ ಹಕ್ಕನ್ನು ಹಡಗು ಕಂಪೆನಿ ಟಿಕೆಟ್ ಕರಾರಿನಲ್ಲೇ ಇಟ್ಟುಕೊಂಡಿರುತ್ತದೆ. ಯುದ್ಧದ ಕಾರಣವನ್ನು ವಿಮೆ ಸಾಮಾನ್ಯವಾಗಿ ಹೊರಗಿಡುತ್ತದೆ. ಇಂಥ ನಷ್ಟ ನಮ್ಮ ಪಾಲಿಗೇ ಬರಬಹುದು ಎಂದು ತಿಳಿದೇ ಹಣ ಕಟ್ಟಬೇಕು.

ದಿನ ಮತ್ತು ದೇಶ

ವರ್ಷಪೂರ್ತಿಯ ಪಾಲಿಸಿ ಇದೆ ಎಂದು ನೆಚ್ಚಬೇಡಿ. ಅವುಗಳಲ್ಲಿ ಒಂದೊಂದು ಪ್ರವಾಸಕ್ಕೆ 30, 45 ಅಥವಾ 60 ದಿನ ಎಂಬಂಥ ಮಿತಿ ಇರುತ್ತದೆ. ನೂರು ದಿನದ ಪ್ರವಾಸಕ್ಕೆ ಅದು ಅರ್ಧದಾರಿಯಲ್ಲೇ ಮುಗಿಯುತ್ತದೆ. ಹಡಗು ತಾಗುವ ಎಲ್ಲ ದೇಶಗಳನ್ನೂ ಬರೆಯಿರಿ. ‘ಅಮೆರಿಕ, ಕೆನಡಾ ಬಿಟ್ಟು’ ಎಂಬ ಪಾಲಿಸಿ ಕಮ್ಮಿಗೆ ಸಿಗುತ್ತದೆ, ಆದರೆ ಹಡಗು ಮಯಾಮಿಯಲ್ಲಿ ಒಂದು ದಿನ ನಿಂತರೂ ಅದು ಸಾಲದು.

ವಾಪಸಾಗುವ ದಿನಕ್ಕಿಂತ ಕೆಲವು ದಿನ ಹೆಚ್ಚಿಗೆ ಇರಲಿ. 2020ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ ‘ಡೈಮಂಡ್ ಪ್ರಿನ್ಸೆಸ್’ ಹಡಗನ್ನು ಕೊರೊನಾದಿಂದಾಗಿ ತಡೆದಾಗ ಅದರಲ್ಲಿ 3,711 ಮಂದಿ ಇದ್ದರು. ಅವರಲ್ಲಿ 138 ಮಂದಿ ಭಾರತೀಯರು, ಹೆಚ್ಚಿನವರು ಸಿಬ್ಬಂದಿ. ಇಳಿಯಬೇಕಾದ ದಿನ ಕಳೆದು ಎರಡು ವಾರವಾದರೂ ಹಲವರು ಹಡಗಿನಲ್ಲೇ ಇದ್ದರು.

ಇಲ್ಲಿ ವಾಸಿಸುವವರು ಭಾರತ ಬಿಡುವ ಮೊದಲೇ ಪಾಲಿಸಿ ಮಾಡಿಸಬೇಕು. ಗಲ್ಫ್‌ನಲ್ಲಿ ವಾಸಿಸುವವರು ಆ ದೇಶದಲ್ಲೇ ಮಾಡಿಸುವುದು ಸರಿ. ಉಪ್ಪ-ಉಮ್ಮ ಊರಿನವರು, ಮಗ ದುಬೈಯವನು ಎಂದಾದರೆ ಮೂವರಿಗೂ ಒಂದೇ ಪಾಲಿಸಿ ನಡೆಯದೇ ಇರಬಹುದು.

ಹಡಗು ಯಾರಿಗೂ ಕಾಯುವುದಿಲ್ಲ. 2024ರ ಮಾರ್ಚ್‌ನಲ್ಲಿ ಆಫ್ರಿಕಾದ ಸಾವೊ ಟೊಮೆ ದ್ವೀಪದಲ್ಲಿ ಸಮಯಕ್ಕೆ ಬಾರದ 8 ಮಂದಿಯನ್ನು ಬಿಟ್ಟು ‘ನಾರ್ವೇಜಿಯನ್ ಡಾನ್’ ಹಡಗು ಹೊರಟೇ ಹೋಯಿತು. ವಿಮಾನ ತಡವಾಗಿ ಹಡಗು ತಪ್ಪಿದರೆ ಕೆಲವು ಪಾಲಿಸಿ ಹಣ ಕೊಡುತ್ತದೆ, ಪೇಟೆ ಸುತ್ತುವಾಗ ನಾವೇ ತಡಮಾಡಿದರೆ ಕೊಡುವುದಿಲ್ಲ. ಹಿಂದಿನ ದಿನವೇ ಬಂದರು ಇರುವ ಊರು ಸೇರುವುದು ಯಾವ ವಿಮೆಗಿಂತಲೂ ಮೇಲು.

ಮಾತಾಡಲು ಹಿಂಜರಿಯುವ ವಿಷಯ

ಪ್ರವಾಸದ ಸಂತೋಷದಲ್ಲಿ ಮೌತಿನ ಮಾತು ಯಾರೂ ಎತ್ತುವುದಿಲ್ಲ. ಆದರೆ ವಯಸ್ಸಾದವರ ದೂರ ಪ್ರಯಾಣದಲ್ಲಿ ಅದನ್ನು ಬಿಟ್ಟು ಲೆಕ್ಕ ಮುಗಿಯುವುದಿಲ್ಲ. ಹಡಗಿನಲ್ಲಿ ಮರಣವಾದರೆ ಮಯ್ಯಿತ್ತನ್ನು ಶೀತಕೋಣೆಯಲ್ಲಿಟ್ಟು ಮುಂದೆ ಯಾವುದಾದರೂ ಬಂದರಿನಲ್ಲಿ ಇಳಿಸುತ್ತಾರೆ. ಊರಿಗೆ ತರುವ ಖರ್ಚು, ಇಲ್ಲವೇ ಅಲ್ಲೇ ದಫನ ಮಾಡುವ ಖರ್ಚು, ಎರಡರಲ್ಲಿ ಒಂದನ್ನು ಹೆಚ್ಚಿನ ಪಾಲಿಸಿಗಳು ಮಿತಿಯೊಳಗೆ ಕೊಡುತ್ತವೆ. ಊರಿಗೆ ತರುವುದಾದರೆ ಕಾಗದಪತ್ರಕ್ಕೇ ದಿನಗಳು ಹಿಡಿಯುತ್ತವೆ. ಅಲ್ಲೇ ಆಗಲಿ ಎನ್ನುತ್ತೀರಾ, ಊರ ಮಣ್ಣೇ ಬೇಕೆನ್ನುತ್ತೀರಾ? ಹೊರಡುವ ಮೊದಲೇ ಉಪ್ಪ-ಉಮ್ಮನ ಬಾಯಿಂದ ಕೇಳಿಟ್ಟುಕೊಳ್ಳಿ. ಆ ಹೊತ್ತಿನಲ್ಲಿ ಮಕ್ಕಳ ನಡುವೆ ವಾದ ಬರಬಾರದು.

ಕೈಯಲ್ಲಿ ಇರಬೇಕಾದದ್ದು

ಪಾಲಿಸಿ ಸಂಖ್ಯೆ, ವಿಮೆ ಕಂಪೆನಿಯ 24 ಗಂಟೆಯ ಸಹಾಯವಾಣಿ ಸಂಖ್ಯೆಯನ್ನು ಕಾಗದದಲ್ಲಿ ಬರೆದು ಉಮ್ಮನ ಪರ್ಸಿನಲ್ಲೂ ಇಡಿ, ನಡುಸಮುದ್ರದಲ್ಲಿ ಮೊಬೈಲ್ ನಂಬುವಂತಿಲ್ಲ. ದಡದ ಆಸ್ಪತ್ರೆಗೆ ಸೇರುವಾಗ ಸಾಧ್ಯವಾದಷ್ಟು ಬೇಗ ಆ ಸಂಖ್ಯೆಗೆ ತಿಳಿಸಬೇಕು. ಮಾತ್ರೆಗಳು ವೈದ್ಯರ ಚೀಟಿಯ ಜೊತೆ ಕೈಚೀಲದಲ್ಲಿರಲಿ. ಪ್ರತಿ ಬಿಲ್, ಪ್ರತಿ ಚೀಟಿಯ ಫೋಟೋ ತೆಗೆದು ಮನೆಗೆ ಕಳಿಸಿ.

ಕ್ಲೈಮ್ ಅನ್ಯಾಯವಾಗಿ ನಿರಾಕರಿಸಿದರೆ ಮೊದಲು ಕಂಪೆನಿಗೇ ಲಿಖಿತ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. 50 ಲಕ್ಷ ರೂಪಾಯಿವರೆಗಿನ ದೂರು ಅಲ್ಲಿ ನಡೆಯುತ್ತದೆ, ಶುಲ್ಕ ಇಲ್ಲ, ವಕೀಲರೂ ಬೇಡ. ಆದರೆ ಅಲ್ಲಿಯೂ ಮೊದಲು ತೆರೆಯುವುದು ನಾವು ತುಂಬಿದ ಅದೇ ಫಾರಂ.

ಹಾಗಾಗಿ ಮಕ್ಕಳಲ್ಲಿ ಒಂದೇ ಮಾತು. ಫಾರಂ ತುಂಬುವ ದಿನ ಊರಿಗೆ ಫೋನ್ ಹಚ್ಚಿ. ಉಪ್ಪನ ಮಾತ್ರೆ ಡಬ್ಬಿ ತೆರೆಸಿ, ಒಂದೊಂದರ ಹೆಸರು ಓದಿಸಿ, ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಆಮೇಲೆ ಬರುವ ಕಂತನ್ನು ನೋಡಿ ಪ್ರವಾಸ ದುಬಾರಿ ಅನಿಸಿದರೆ ಎರಡು ವಾರದ ಬದಲು ಒಂದು ವಾರಕ್ಕೆ ಕಳಿಸಿ. ದಿನ ಕಮ್ಮಿಯಾದರೆ ಅವರಿಗೇನೂ ಬೇಸರವಾಗದು.