ದೊಡ್ಡ ಟಯರಿಗೆ ಗಾಳಿ ಎಷ್ಟು? ಹೇಳಬೇಕಾದದ್ದು ಲಾರಿಯ ಭಾರ

ಮುಂಬಯಿ ಮಹಾನಗರ ಮಲಗಿದ ಮೇಲೆ ಏಳುವುದು ಲಾರಿಗಳ ಲೋಕ. ವಾಶಿಯ ಎಪಿಎಂಸಿ ಮಾರುಕಟ್ಟೆ, ಕಳಂಬೋಲಿಯ ಉಕ್ಕಿನ ಪೇಟೆ, ಭಿವಂಡಿಯ ಗೋದಾಮುಗಳು, ನ್ಹಾವಾ ಶೇವಾ ಬಂದರು ಇವೆಲ್ಲ ನಿಂತಿರುವುದು ಲಾರಿ ಚಕ್ರದ ಮೇಲೆಯೇ. ಈ ಲೋಕದಲ್ಲಿ ಕನ್ನಡಿಗರ ಪಾಲೂ ಸಣ್ಣದಲ್ಲ. 1976ರಲ್ಲಿ ಗದಗದಲ್ಲಿ ಒಂದೇ ಲಾರಿಯಿಂದ ಸಾರಿಗೆ ಉದ್ಯಮ ಆರಂಭಿಸಿ ದೇಶವೇ ಗುರುತಿಸುವಂತೆ ಬೆಳೆದ ವಿಜಯ ಸಂಕೇಶ್ವರರ ಸಾಧನೆ ಎಲ್ಲರಿಗೂ ಗೊತ್ತು. ಆದರೆ ಒಂದು ಲಾರಿಯಿಂದ ಆರಂಭಿಸಿ ಒಂದೇ ಲಾರಿಯಲ್ಲಿ ಸಂಸಾರ ಸಾಗಿಸುತ್ತಿರುವ ನಮ್ಮವರೂ ಇಲ್ಲಿ ಬೇಕಾದಷ್ಟು ಮಂದಿ ಇದ್ದಾರೆ.

ಅಂಥವರ ಖರ್ಚಿನ ಪಟ್ಟಿಯಲ್ಲಿ ಡೀಸೆಲ್, ಸಾಲದ ಕಂತುಗಳ ಜೊತೆಯಲ್ಲೇ ಬರುವುದು ಟಯರ್. ಹೆಚ್ಚು ಮಾಲು ತಾಳಲಿ, ಬೇಗ ಸವೆಯದಿರಲಿ ಎಂದು ಕೆಲವರು ಲಾರಿಗೆ ಬಂದ ಅಳತೆಗಿಂತ ದೊಡ್ಡ ಟಯರ್ ಹಾಕಿಸುತ್ತಾರೆ. ಸಾವಿರಾರು ರೂಪಾಯಿ ಸುರಿದು ಟಯರ್ ಬದಲಿಸುವಾಗ ಮಾಡುವ ಚೌಕಾಸಿಯಲ್ಲಿ ಅರ್ಧದಷ್ಟನ್ನಾದರೂ, ಅದಕ್ಕೆ ಗಾಳಿ ಎಷ್ಟು ಬೇಕು ಎಂದು ಕೇಳುವುದರಲ್ಲಿ ನಾವು ತೋರಿಸುವುದಿಲ್ಲ. ‘ಎಲ್ಲರಿಗೂ ಹಾಕುವಷ್ಟು ಹಾಕು’ ಎಂದು ಹೇಳಿ ಚಹಾ ಕುಡಿಯಲು ಹೋಗುವುದೇ ರೂಢಿ.

ಈ ರೂಢಿಗೆ ನ್ಯಾಯಾಲಯದಲ್ಲೂ ಬೆಲೆಯಿಲ್ಲ. 2010ರ ಅಕ್ಟೋಬರ್‌ನಲ್ಲಿ ಪುಣೆಯಿಂದ ಮುಂಬಯಿಗೆ ಬರುತ್ತಿದ್ದ ಕಾರೊಂದರ ಟಯರ್ ಸಿಡಿದು ಅದರಲ್ಲಿದ್ದ ಒಬ್ಬರು ಸಾವನ್ನಪ್ಪಿದರು. ಅವರ ಕುಟುಂಬಕ್ಕೆ ಸುಮಾರು 1.25 ಕೋಟಿ ರೂ. ಪರಿಹಾರ ನೀಡುವಂತೆ ನ್ಯಾಯಮಂಡಳಿ ಆದೇಶಿಸಿದಾಗ, ಟಯರ್ ಸಿಡಿಯುವುದು ದೈವಾಧೀನ ಘಟನೆ ಎಂದು ವಿಮಾ ಕಂಪನಿ ವಾದಿಸಿತು. 2023ರ ಫೆಬ್ರವರಿಯಲ್ಲಿ ಬಾಂಬೆ ಹೈಕೋರ್ಟ್ ಆ ವಾದವನ್ನು ತಳ್ಳಿಹಾಕಿತು. ಅತಿ ವೇಗ, ಕಡಿಮೆ ಗಾಳಿ, ಹೆಚ್ಚು ಗಾಳಿ, ಹಳೆಯ ಟಯರ್ ಇವೆಲ್ಲ ಮನುಷ್ಯನ ಅಜಾಗ್ರತೆ. ಹೊರಡುವ ಮುನ್ನ ಟಯರ್ ನೋಡಿಕೊಳ್ಳುವುದು ಚಾಲಕನ ಕರ್ತವ್ಯ ಎಂಬುದು ಅದರ ತಾತ್ಪರ್ಯ. ಕಾರಿಗೆ ಅನ್ವಯಿಸುವ ಮಾತು ಹದಿನೆಂಟು ಟನ್ನಿನ ಲಾರಿಗೆ ಅನ್ವಯಿಸದೇ ಇರುತ್ತದೆಯೇ?

ಭಾರ ಹೊರುವುದು ಗಾಳಿ

ಲಾರಿಯ ಭಾರವನ್ನು ಹೊರುವುದು ರಬ್ಬರ್ ಎಂದು ನಾವು ತಿಳಿದಿರುತ್ತೇವೆ. ನಿಜವಾಗಿ ಬಹುಪಾಲು ಹೊರುವುದು ಒಳಗಿನ ಗಾಳಿ. ಟಯರ್ ಆ ಗಾಳಿಯನ್ನು ಹಿಡಿದಿಡುವ ಚೀಲ. ಗಾಳಿ ಕಡಿಮೆಯಾದರೆ ಚಕ್ರದ ಪ್ರತಿ ಸುತ್ತಿಗೂ ಟಯರಿನ ಪಕ್ಕೆ ಬಾಗಿ ಏಳುತ್ತದೆ, ಬಿಸಿಯಾಗುತ್ತದೆ. ಬಿಸಿ ಮಿತಿ ಮೀರಿದರೆ ಒಳಗಿನ ಪದರಗಳು ಬಿಡುತ್ತವೆ, ಕೊನೆಗೆ ಟಯರ್ ಸಿಡಿಯುತ್ತದೆ. ಗಾಳಿ ಹೆಚ್ಚಾದರೆ ಟಯರಿನ ನಡುಭಾಗ ಮಾತ್ರ ರಸ್ತೆಗೆ ತಾಗಿ ಬೇಗ ಸವೆಯುತ್ತದೆ. ಬ್ರೇಕಿನ ಹಿಡಿತ ತಗ್ಗುತ್ತದೆ, ಹೊಂಡಕ್ಕೆ ಬಿದ್ದಾಗ ಪೆಟ್ಟೂ ಜೋರಾಗಿ ಬೀಳುತ್ತದೆ. 2002ರಲ್ಲಿ ಪೂರ್ಣವಾಗಿ ತೆರೆದ ಮುಂಬಯಿ-ಪುಣೆ ಎಕ್ಸ್‌ಪ್ರೆಸ್‌ವೇ, 2025ರ ಜೂನ್‌ನಲ್ಲಿ ಪೂರ್ಣಗೊಂಡ 701 ಕಿ.ಮೀ.ಯ ಸಮೃದ್ಧಿ ಮಹಾಮಾರ್ಗದಂತಹ ಕಾಂಕ್ರೀಟ್ ರಸ್ತೆಗಳಲ್ಲಿ ಗಂಟೆಗಟ್ಟಲೆ ನಿಲ್ಲದೆ ಓಡುವಾಗ ಟಯರಿಗೆ ತಣಿಯಲು ಬಿಡುವೇ ಇಲ್ಲ. ಹಿಂದೆ ಊರಿಂದ ಊರಿಗೆ ನಿಂತು ಓಡುತ್ತಿದ್ದಾಗ ನಡೆದುಹೋಗುತ್ತಿದ್ದ ಉದಾಸೀನ ಈಗ ನಡೆಯದು.

ಲೆಕ್ಕ ಕಷ್ಟದ್ದಲ್ಲ

ಜಮಾ-ಖರ್ಚು ಬಲ್ಲವರಿಗೆ ಈ ಲೆಕ್ಕವೂ ಬರುತ್ತದೆ. 2018ರ ಜುಲೈಯಲ್ಲಿ ಕೇಂದ್ರ ಸರಕಾರ ಹೆಚ್ಚಿಸಿದ ಮಿತಿಯ ಪ್ರಕಾರ ಎರಡು ಆ್ಯಕ್ಸಲ್‌ಗಳ ಲಾರಿಯ ಮುಂದಿನ ಆ್ಯಕ್ಸಲ್ ಮೇಲೆ 7 ಟನ್, ನಾಲ್ಕು ಚಕ್ರಗಳ ಹಿಂದಿನ ಆ್ಯಕ್ಸಲ್ ಮೇಲೆ 11.5 ಟನ್, ಒಟ್ಟು 18.5 ಟನ್ ಇರಬಹುದು. ಮಿತಿ ತುಂಬಿದರೆ ಹಿಂದಿನ ಒಂದೊಂದು ಟಯರಿನ ಮೇಲೆ 2,875 ಕಿಲೋ, ಮುಂದಿನ ಒಂದೊಂದರ ಮೇಲೆ 3,500 ಕಿಲೋ. ಮಾಲೆಲ್ಲ ಹಿಂದೆ ಇದೆಯೆಂದು ಮುಂದಿನ ಚಕ್ರವನ್ನು ಕಡೆಗಣಿಸುವವರು ಈ ಅಂಕಿಯನ್ನು ಗಮನಿಸಬೇಕು.

ಇನ್ನು ಟಯರಿನ ಪಕ್ಕೆಯನ್ನು ಓದಿ. 152/148 ಎಂಬಂತಹ ಜೋಡಿ ಅಂಕಿ ಅಲ್ಲಿರುತ್ತದೆ. 152 ಎಂದರೆ ಒಂಟಿಯಾಗಿ ಹಾಕಿದಾಗ 3,550 ಕಿಲೋ, 148 ಎಂದರೆ ಜೋಡಿಯಾಗಿ ಹಾಕಿದಾಗ 3,150 ಕಿಲೋ ತಾಳುತ್ತದೆ ಎಂದರ್ಥ. ಆ ಭಾರಕ್ಕೆ ಎಷ್ಟು ಪೌಂಡ್ ಗಾಳಿ ಎಂಬುದೂ ಪಕ್ಕೆಯಲ್ಲೇ ಇರುತ್ತದೆ. ಅದು ಗರಿಷ್ಠ ಭಾರಕ್ಕೆ ಹೇಳಿದ ಗಾಳಿ; ಎಲ್ಲ ಲಾರಿಗಳಿಗೂ ಎಲ್ಲ ದಿನವೂ ಹಾಕಬೇಕಾದ ಗಾಳಿಯಲ್ಲ.

ಹಿಂದಿನ ಜೋಡಿ ಚಕ್ರಗಳಲ್ಲಿದ್ದ ಹಳೆಯ ಟಯರ್ 120 ಪೌಂಡಿಗೆ 3,000 ಕಿಲೋ ಹೊರುತ್ತಿತ್ತು ಎಂದಿಟ್ಟುಕೊಳ್ಳಿ. 2,875 ಕಿಲೋ ಭಾರಕ್ಕೆ ಅದಕ್ಕೆ ಬೇಕಾಗಿದ್ದುದು 115 ಪೌಂಡ್. ಈಗ ಅದೇ 120 ಪೌಂಡಿಗೆ 3,250 ಕಿಲೋ ಹೊರುವ ದೊಡ್ಡ ಟಯರ್ ಹಾಕಿಸಿದಿರಿ. 2,875ನ್ನು 3,250ರಿಂದ ಭಾಗಿಸಿ 120ರಿಂದ ಗುಣಿಸಿದರೆ ಬರುವುದು ಸುಮಾರು 106. ಅಂದರೆ ಅದೇ ಭಾರಕ್ಕೆ ದೊಡ್ಡ ಟಯರಿಗೆ ಬೇಕಾದ ಗಾಳಿ ಕಡಿಮೆ. ಇದು ಅಂದಾಜಿನ ಲೆಕ್ಕ. ಟಯರ್ ಕಂಪನಿಗಳ ಬಳಿ ಭಾರ-ಗಾಳಿಯ ಪಟ್ಟಿ ಇರುತ್ತದೆ. ಡೀಲರರಲ್ಲಿ ಕೇಳಿ ಪಡೆಯಿರಿ, ಅದೇ ಅಂತಿಮ. ಬರುವಾಗ ಖಾಲಿ, ಹೋಗುವಾಗ ಮಾಲು ಎಂದು ದಿನಕ್ಕೆರಡು ಬಾರಿ ಗಾಳಿ ಬದಲಿಸುವ ಗೋಜು ಬೇಡ. ಸಾಮಾನ್ಯವಾಗಿ ಹೇರುವ ಅತಿ ಹೆಚ್ಚಿನ ಭಾರಕ್ಕೆ ತಕ್ಕಂತೆ ಇಟ್ಟರೆ ಸಾಕು.

ದೊಡ್ಡದಾದ ಮಾತ್ರಕ್ಕೆ ಒಳ್ಳೆಯದಲ್ಲ

ದೊಡ್ಡ ಟಯರ್ ಹಾಕಿದ ಮಾತ್ರಕ್ಕೆ ಲಾರಿಗೆ ಹೆಚ್ಚು ಹೇರುವ ಹಕ್ಕು ಬರುವುದಿಲ್ಲ. ಆ್ಯಕ್ಸಲ್, ಸ್ಪ್ರಿಂಗ್, ಬ್ರೇಕು ಹಳೆಯವೇ ತಾನೆ? ರಿಮ್‌ಗೂ ಅದರದೇ ಅಗಲ, ಅದರದೇ ಗಾಳಿಯ ಮಿತಿ ಇದೆ. ಜೋಡಿ ಚಕ್ರಗಳ ನಡುವೆ ಸಾಕಷ್ಟು ಜಾಗವಿಲ್ಲದಿದ್ದರೆ ಮಾಲು ಬಿದ್ದಾಗ ಪಕ್ಕೆಗಳು ಒಂದಕ್ಕೊಂದು ಉಜ್ಜುತ್ತವೆ. ಚಕ್ರದ ಸುತ್ತಳತೆ ಶೇ. 3ರಷ್ಟು ಹೆಚ್ಚಿದರೆ ಸ್ಪೀಡೋಮೀಟರ್ 80 ತೋರಿಸುವಾಗ ಲಾರಿ 82ಕ್ಕಿಂತ ಹೆಚ್ಚು ವೇಗದಲ್ಲಿರುತ್ತದೆ. ತಯಾರಕರು ನಮೂದಿಸಿದ ವಿವರಕ್ಕೆ ವಿರುದ್ಧವಾಗಿ ವಾಹನ ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ. ಆದ್ದರಿಂದ ಕಂಪನಿ ಒಪ್ಪಿದ ಅಳತೆಯೇ ಎಂದು ಖಚಿತಪಡಿಸಿಕೊಂಡೇ ಹಣ ಕೊಡಿ. ಅಪಘಾತವಾದ ಮೇಲೆ ವಿಮೆಯವರು ಕೇಳುವ ಪ್ರಶ್ನೆಗಳನ್ನು ಮೊದಲೇ ನಾವೇ ಕೇಳಿಕೊಳ್ಳುವುದು ಲೇಸು.

ಬೆಳಗಿನ ಹತ್ತು ನಿಮಿಷ

ಚಕ್ರಕ್ಕೆ ಕೋಲಿನಿಂದ ಬಡಿದು ಸದ್ದು ಕೇಳಿ ‘ಸರಿ ಇದೆ’ ಎನ್ನುವ ಕ್ಲೀನರ್‌ಗಳು ಇಂದಿಗೂ ಇದ್ದಾರೆ. ಪೂರ್ತಿ ಗಾಳಿ ಹೋದ ಟಯರ್ ಆ ಸದ್ದಿನಿಂದ ಗೊತ್ತಾದೀತು. 110 ಇರಬೇಕಾದಲ್ಲಿ 85 ಇರುವುದು ಗೊತ್ತಾಗದು. ಒಂದು ಒಳ್ಳೆಯ ಗೇಜ್ ಲಾರಿಯಲ್ಲೇ ಇರಲಿ. ಟಯರ್ ತಣ್ಣಗಿರುವಾಗ, ಬೆಳಿಗ್ಗೆ ಹೊರಡುವ ಮುನ್ನ ಅಳೆಯಿರಿ. ಓಡಿದ ಮೇಲೆ ಬಿಸಿಗೆ ಗಾಳಿಯ ಒತ್ತಡ ಏರುವುದು ಸಹಜ. 110 ಪೌಂಡಿನ ಟಯರ್ 10 ಡಿಗ್ರಿ ಬಿಸಿಯಾದರೆ ಸುಮಾರು 4 ಪೌಂಡ್ ಏರುತ್ತದೆ. ಆಗ ಗಾಳಿ ಬಿಡಿಸಿದರೆ ತಣಿದ ಮೇಲೆ ಕಡಿಮೆಯಾಗುತ್ತದೆ. ಜೋಡಿಯ ಎರಡೂ ಟಯರ್‌ಗಳಲ್ಲಿ ಒಂದೇ ಗಾಳಿ, ಒಂದೇ ಎತ್ತರ ಇರಲಿ; ಇಲ್ಲವಾದರೆ ಒಂದರ ಪಾಲಿನ ಹೊರೆಯೂ ಇನ್ನೊಂದರ ಹೆಗಲಿಗೆ ಬೀಳುತ್ತದೆ. ಒಳಗಿನ ಚಕ್ರದ ವಾಲ್ವ್‌ಗೆ ಕೈ ಎಟುಕುವುದಿಲ್ಲ ಎಂದು ಬಿಡುವುದು ಬೇಡ.

ಗಾಳಿ ಹಾಕುವ ಹುಡುಗರ ಜೀವದ ಮಾತೂ ಇದೆ. ಇರಬೇಕಾದ ಗಾಳಿಗಿಂತ ಐದನೇ ಒಂದು ಭಾಗ ಕಡಿಮೆಯಿದ್ದು ಓಡಿದ ಟಯರಿಗೆ ನೇರವಾಗಿ ಗಾಳಿ ತುಂಬಬಾರದು. ಬಿಚ್ಚಿ ಒಳಗೆ ಪರೀಕ್ಷಿಸಬೇಕು. ಟ್ಯೂಬ್ ಚಕ್ರದ ಲಾಕ್ ರಿಂಗ್ ಹಾರಿದರೆ ಎದುರಿದ್ದವರು ಉಳಿಯುವುದು ಕಷ್ಟ. ಕಬ್ಬಿಣದ ಪಂಜರದೊಳಗೆ ಚಕ್ರವಿಟ್ಟು, ಉದ್ದದ ಪೈಪಿನಿಂದ, ಪಕ್ಕಕ್ಕೆ ಸರಿದು ನಿಂತು ಗಾಳಿ ಹಾಕುವ ಅಂಗಡಿಗೇ ಹೋಗಿ.

ನಮ್ಮ ಸಂಘ-ಸಂಸ್ಥೆಗಳು ನೇತ್ರ ತಪಾಸಣೆ, ರಕ್ತದಾನ ಶಿಬಿರಗಳನ್ನು ನಡೆಸುತ್ತಾ ಬಂದಿವೆ. ವರ್ಷಕ್ಕೊಮ್ಮೆ ಲಾರಿ, ಬಸ್ಸು, ಟೆಂಪೋ ಚಾಲಕರಿಗಾಗಿ ಟಯರ್ ತಪಾಸಣೆಯನ್ನೂ ಸೇರಿಸಿಕೊಳ್ಳಬಾರದೇಕೆ? ಒಬ್ಬ ಟಯರ್ ತಂತ್ರಜ್ಞ, ನಾಲ್ಕು ಗೇಜ್, ಕನ್ನಡದಲ್ಲಿ ಅಚ್ಚು ಹಾಕಿದ ಭಾರ-ಗಾಳಿಯ ಪಟ್ಟಿ ಇಷ್ಟಿದ್ದರೆ ಸಾಕು. ಆಯುಧಪೂಜೆಯ ದಿನ ಚಕ್ರದಡಿ ನಿಂಬೆಹಣ್ಣು ಇಡುವ ಮೊದಲು ಆ ಚಕ್ರದ ಗಾಳಿಯನ್ನೂ ಅಳೆದರೆ, ಪೂಜೆ ಇನ್ನಷ್ಟು ಸಾರ್ಥಕವಾದೀತು.