ಮೊಲಕ್ಕೆ ನಾಲ್ಕೇ ಕಾಲು: ಸಾಕುಮೊಲದ ಭಯ, ಸಿಟ್ಟು ಮತ್ತು ನಮ್ಮ ತಪ್ಪು ಕಲ್ಪನೆಗಳು

ನಾಯಿಗೆ ಸಿಟ್ಟು ಬಂದರೆ ಬೊಗಳುತ್ತದೆ, ಬೆಕ್ಕಿಗೆ ಬಂದರೆ ಗುರುಗುಟ್ಟುತ್ತದೆ. ಮೊಲ ದನಿ ತೆಗೆಯುವುದೇ ಅಪರೂಪ. ಹೀಗಾಗಿ ಅದರ ಪರವಾಗಿ ಮಾತಾಡುವವರು ಯಾವಾಗಲೂ ನಾವೇ. ಗದಗ-ಬೆಟಗೇರಿಯ ಓಣಿಗಳಲ್ಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಮನೆಗಳಲ್ಲಿ ಮಕ್ಕಳ ಹಟಕ್ಕೆ ಸೋತು ಬಿಳಿ ಮೊಲದ ಜೋಡಿ ತಂದವರು ನಾಲ್ಕಾರು ತಿಂಗಳಲ್ಲಿ ಹೇಳುವ ಮಾತು ಹೆಚ್ಚುಕಡಿಮೆ ಒಂದೇ: ‘ಮರಿ ಇದ್ದಾಗ ಭಾಳ ಸಾಧು ಇತ್ರಿ, ಈಗ ಮೈಮ್ಯಾಲ ಬರತೈತಿ.’ ಮೊಲ ಕೆಟ್ಟಿರುವುದಿಲ್ಲ. ಅದರ ಸಿಟ್ಟಿನ ಹಿಂದೆ ಬಹುಪಾಲು ಭಯವೋ ತನ್ನ ಜಾಗದ ಕಾವಲೋ ಇರುತ್ತದೆ. ನಾವು ಸಾಧುತನ ಎಂದುಕೊಂಡದ್ದೂ ಎಷ್ಟೋ ಸಲ ಭಯವೇ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವುದನ್ನು ಬಿಟ್ಟು, ಕೆಲವು ನಂಬಿಕೆಗಳನ್ನು ಒರೆಗೆ ಹಚ್ಚೋಣ.

ತಪ್ಪು ಕಲ್ಪನೆ 1: ‘ಹೊಲದಾಗ ಓಡೋ ಮೊಲ, ಮನ್ಯಾಗಿನ ಮೊಲ ಎರಡೂ ಒಂದ.’

ಸತ್ಯ: ಎರಡೂ ಬೇರೆ ಬೇರೆ ಪ್ರಾಣಿಗಳು. ಕಪ್ಪತಗುಡ್ಡದ ಇಳಿಜಾರಿನಲ್ಲಿ, ಜೋಳದ ಹೊಲದ ಬದುವಿನಲ್ಲಿ ಕಾಣುವುದು ಕಪ್ಪು ಕತ್ತಿನ ಕಾಡುಮೊಲ. ಅದು ಬಿಲ ತೋಡುವುದಿಲ್ಲ. ಹುಲ್ಲಿನ ನಡುವೆ ಅಡಗಿ ಕೂತು, ಅಪಾಯ ಹತ್ತಿರ ಬಂದಾಗ ಕಾಲಿಗೆ ಬುದ್ಧಿ ಹೇಳುತ್ತದೆ. ಅದರ ಮರಿ ಹುಟ್ಟುವಾಗಲೇ ಮೈತುಂಬ ಕೂದಲು, ತೆರೆದ ಕಣ್ಣು. ಸಾಕುಮೊಲದ ಪೂರ್ವಜರು ಸ್ಪೇನ್, ಪೋರ್ಚುಗಲ್ ಕಡೆಯವರು. ಅವು ನೆಲದಡಿ ಬಿಲ ತೋಡಿ ಗುಂಪಾಗಿ ಬಾಳುವಂಥವು. ಮರಿಗಳು ಬೆತ್ತಲೆಯಾಗಿ, ಕಣ್ಣು ಮುಚ್ಚಿಕೊಂಡೇ ಹುಟ್ಟುತ್ತವೆ. ಕಾಡುಮೊಲದ ವರ್ಣತಂತುಗಳು 48, ಸಾಕುಮೊಲದವು 44. ಇವೆರಡರ ನಡುವೆ ಸಂತಾನ ಆಗುವುದಿಲ್ಲ.

ಸಾಕುವವರಿಗೆ ಇದರಿಂದ ಎರಡು ಪಾಠ. ಹೆದರಿದಾಗ ಬಿಲ ಹೊಗುವುದು ಸಾಕುಮೊಲದ ಹುಟ್ಟುಗುಣ. ನಾಲ್ಕೂ ಕಡೆ ಜಾಳಿಗೆಯಿರುವ ಪಂಜರದಲ್ಲಿ ಅಡಗಲು ಒಂದು ಮೂಲೆಯೂ ಇಲ್ಲದಿದ್ದರೆ ಅದು ದಿನವಿಡೀ ಗಾಬರಿಯಲ್ಲೇ ಇರುತ್ತದೆ. ಎರಡನೆಯದು, ಹೊಲದಲ್ಲಿ ಒಂಟಿಯಾಗಿ ಕಂಡ ಕಾಡುಮೊಲದ ಮರಿ ತಬ್ಬಲಿಯಲ್ಲ. ತಾಯಿ ಹಗಲು ದೂರವಿದ್ದು, ಕತ್ತಲಾದ ಮೇಲೆ ಬಂದು ಹಾಲೂಡುತ್ತದೆ. ಅದನ್ನು ಮನೆಗೆ ತಂದರೆ ಗಾಬರಿಗೇ ಸಾಯುವುದು ಹೆಚ್ಚು. ಮೇಲಾಗಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದನ್ನು ಹಿಡಿಯುವುದೂ ಸಾಕುವುದೂ ಅಪರಾಧ. ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ ಎಂಬುದೂ ನೆನಪಿರಲಿ.

ತಪ್ಪು ಕಲ್ಪನೆ 2: ‘ಅಂಗಾತ ಮಲಗಿಸಿದ್ರ ಮಿಸುಕಂಗಿಲ್ಲ, ಹಾಯಾಗಿ ನಿದ್ದಿ ಮಾಡತೈತಿ.’

ಸತ್ಯ: ಅದು ನಿದ್ದೆಯಲ್ಲ, ಭಯದ ತುದಿ. ಬೇಟೆಯಾಡುವ ಪ್ರಾಣಿಯ ಬಾಯಿಗೆ ಸಿಕ್ಕಾಗ ಸತ್ತಂತೆ ಬಿದ್ದುಕೊಂಡು, ಹಿಡಿತ ಸಡಿಲಾದ ಗಳಿಗೆ ನೋಡಿ ಜಿಗಿಯುವುದು ಮೊಲದ ಕೊನೆಯ ಉಪಾಯ. ಬೆನ್ನ ಮೇಲೆ ಮಲಗಿಸಿದಾಗ ಆಗುವುದೂ ಅದೇ. ಕಿವಿ ಬೆನ್ನಿಗೆ ಅಂಟಿಸಿ, ಕಣ್ಣು ಅಗಲಿಸಿ, ಮೈ ಬಿಗಿಹಿಡಿದು ಕೂತ ಮೊಲವೂ ಹೆದರಿದ ಮೊಲವೇ. ನಿಜವಾಗಿ ನೆಮ್ಮದಿಯಲ್ಲಿರುವ ಮೊಲ ಹಿಂಗಾಲು ಚಾಚಿ ಮಗ್ಗುಲಾಗಿ ಬೀಳುತ್ತದೆ. ತಲೆ ಸವರಿದರೆ ಹಲ್ಲನ್ನು ಮೆಲ್ಲಗೆ ಉಜ್ಜುತ್ತದೆ. ಅದೇ ಹಲ್ಲನ್ನು ಜೋರಾಗಿ ಕಟಕಟ ಕಡಿದರೆ ನೋವಿದೆ ಎಂದರ್ಥ.

ಕಿವಿ ಹಿಡಿದು ಎತ್ತುವುದಂತೂ ಕ್ರೌರ್ಯ. ಬೆಕ್ಕಿನ ಮೈತೂಕದಲ್ಲಿ ಎಲುಬಿನ ಪಾಲು ಶೇ 12-13 ಇದ್ದರೆ ಮೊಲದಲ್ಲಿ ಅದು ಶೇ 7-8 ಮಾತ್ರ. ಎಲುಬು ಹಗುರ, ಹಿಂಗಾಲಿನ ಒದೆತ ಬಲು ಜೋರು. ಹೆದರಿ ಕೊಸರಾಡಿದ ಮೊಲ ತನ್ನ ಒದೆತದಿಂದಲೇ ತನ್ನ ಬೆನ್ನೆಲುಬು ಮುರಿದುಕೊಳ್ಳಬಲ್ಲದು. ಎತ್ತಲೇಬೇಕಾದರೆ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಕುಂಡೆಯ ಕೆಳಗೆ ಕೊಟ್ಟು ಎದೆಗೆ ಒತ್ತಿಕೊಳ್ಳಬೇಕು. ಚಿಕ್ಕ ಮಕ್ಕಳು ಎತ್ತುವುದು ಬೇಡ. ನೆಲದ ಮೇಲೆ ಕೂತು ಸವರಲಿ.

ತಪ್ಪು ಕಲ್ಪನೆ 3: ‘ಅನ್ನ ಹಾಕಿದ ಕೈಯನ್ನ ಕಚ್ಚತೈತಿ, ಉಪಕಾರಗೇಡಿ.’

ಸತ್ಯ: ಮೊಲದ ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿವೆ. ಸುತ್ತಮುತ್ತ, ತಲೆಯ ಮೇಲೆ ಎಲ್ಲವೂ ಕಾಣುತ್ತದೆ. ಮೂಗಿನ ನೇರ ಮುಂದೆ, ಗದ್ದದ ಕೆಳಗೆ ಮಾತ್ರ ಕಾಣುವುದಿಲ್ಲ. ನಾವು ನಾಯಿಗೆ ಮೂಸಲು ಕೊಟ್ಟಂತೆ ಕೈಯನ್ನು ಅಲ್ಲಿಗೇ ಚಾಚುತ್ತೇವೆ. ಕಾಣದ ಕಡೆಯಿಂದ ಏನೋ ಬಂತೆಂದು ಅದು ಬೆಚ್ಚಿ ಕಚ್ಚುತ್ತದೆ. ಮೇಲಿನಿಂದ ಗಬಕ್ಕನೆ ಕೈ ಇಳಿಸಿದರೆ ಹದ್ದು ಎರಗಿದ ಭಯ. ಕೈ ಪಕ್ಕದಿಂದ ಬಂದು ಹಣೆ ಮುಟ್ಟಬೇಕು.

ಇನ್ನೊಂದು ಕಾರಣ ಜಾಗ. ಪಂಜರ ನಮಗೆ ಸಾಮಾನು, ಮೊಲಕ್ಕೆ ಬಿಲ. ಕೇಳದೆ ನಮ್ಮ ಪಡಸಾಲೆಗೆ ನುಗ್ಗಿ ಯಾರಾದರೂ ಹಾಸಿಗೆ ಎಳೆದಾಡಿದರೆ ನಾವು ಸುಮ್ಮನಿರುತ್ತೇವೆಯೇ? ಬಟ್ಟಲಿಗೆ ಕೈ ಹಾಕಿದಾಗ ಮೊಲ ಗುರ್ರೆಂದು ಮುಂಗಾಲಿನಿಂದ ಬಾರಿಸುವುದು ಆ ಕಾರಣಕ್ಕೆ. ಅಂಗಳದಲ್ಲಿ ಅದೇ ಮೊಲ ನಿಮ್ಮ ಕಾಲಬಳಿ ಸುಳಿದಾಡುತ್ತಿದ್ದರೆ ಸಮಸ್ಯೆ ಸ್ವಭಾವದ್ದಲ್ಲ, ಪಂಜರದ ಗಡಿಯದು ಎಂದು ತಿಳಿಯಿರಿ. ಮದ್ದು ಸುಲಭ: ಬಾಗಿಲು ತೆರೆದಿಡಿ, ಅದು ತಾನಾಗಿ ಹೊರಬಂದ ಮೇಲೆ ಗೂಡು ಗುಡಿಸಿ, ಹುಲ್ಲು ಹಾಕಿ. ಕಚ್ಚಿತೆಂದು ಹೊಡೆದರೆ ಕೈ ಎಂದರೆ ಅಪಾಯ ಎಂಬ ಅದರ ಅನುಮಾನ ಗಟ್ಟಿಯಾಗುತ್ತದೆ, ಅಷ್ಟೇ.

ತಪ್ಪು ಕಲ್ಪನೆ 4: ‘ಹಟಕ್ಕ ಬಿದ್ದು ಎಲ್ಲಾ ಕಡೆ ಹೊಲಸು ಮಾಡತೈತಿ.’

ಸತ್ಯ: ನಾಲ್ಕರಿಂದ ಆರು ತಿಂಗಳಿಗೆ ಮೊಲ ಪ್ರಾಯಕ್ಕೆ ಬರುತ್ತದೆ. ಆಗ ಗಡಿ ಗುರುತಿಸುವ ಕೆಲಸ ಶುರು. ಅಲ್ಲಲ್ಲಿ ಹಿಕ್ಕೆ ಉದುರಿಸುವುದು, ಮೂತ್ರ ಚಿಮ್ಮಿಸುವುದು, ಗದ್ದದ ಗ್ರಂಥಿಯ ವಾಸನೆಯನ್ನು ಕುರ್ಚಿಯ ಕಾಲಿಗೆ ಉಜ್ಜುವುದು ಎಲ್ಲವೂ ‘ಇದು ನನ್ನದು’ ಎಂಬ ಮೊಹರು. ಎರಡು ಗಂಡು ಒಂದೇ ಗೂಡಿನಲ್ಲಿದ್ದರೆ ರಕ್ತ ಬರುವಷ್ಟು ಕಾದಾಡುತ್ತವೆ. ‘ತಾವ ಹೊಂದ್ಕೊಂತಾವ’ ಎಂದು ಬಿಡುವುದು ಅಪಾಯ. ಹೊಸ ಮೊಲವನ್ನು ಹಳೆಯದರ ಗೂಡಿಗೆ ನೇರ ಬಿಡದೆ, ಎರಡಕ್ಕೂ ಹೊಸದಾದ ಜಾಗದಲ್ಲಿ ಪರಿಚಯ ಮಾಡಿಸಬೇಕು. ಮೊಲದ ಅನುಭವವಿರುವ ಪಶುವೈದ್ಯರಿಂದ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಈ ಗಡಿಜಗಳ ಬಹಳಷ್ಟು ತಗ್ಗುತ್ತದೆ.

ತಪ್ಪು ಕಲ್ಪನೆ 5: ‘ತಾಯಿ ಮರಿ ಕಡೆ ತಿರುಗಿನೂ ನೋಡವಲ್ದು.’

ಸತ್ಯ: ತಾಯಿಮೊಲ ದಿನಕ್ಕೆ ಒಂದೋ ಎರಡೋ ಸಲ, ಅದೂ ಕೆಲವೇ ನಿಮಿಷ ಹಾಲೂಡಿಸಿ ದೂರ ಸರಿಯುತ್ತದೆ. ಬಿಲದ ಜಾಡು ವೈರಿಗೆ ಸಿಗದಿರಲಿ ಎಂಬ ಜಾಣ್ಮೆ ಅದು. ಮರಿಗಳ ಹೊಟ್ಟೆ ತುಂಬಿಕೊಂಡಿದ್ದು ಮೈ ಬೆಚ್ಚಗಿದ್ದರೆ ಚಿಂತೆ ಬೇಡ. ಓಣಿಯ ಮಕ್ಕಳೆಲ್ಲ ಗೂಡು ಇಣುಕತೊಡಗಿದರೆ ಮಾತ್ರ ಬೆದರಿದ ತಾಯಿ ಮರಿ ತುಳಿಯಬಹುದು, ಕೊಲ್ಲಲೂಬಹುದು. ಗಬ್ಬವಿಲ್ಲದ ಹೆಣ್ಣೂ ಎದೆಯ ಕೂದಲು ಕಿತ್ತು ಗೂಡು ಕಟ್ಟಿ, ಹತ್ತಿರ ಬಂದವರ ಮೇಲೆ ಎಗರುವುದುಂಟು. ಅದು ಹುಸಿ ಗಬ್ಬ. ಎರಡೂವರೆ ವಾರದಲ್ಲಿ ಇಳಿಯುತ್ತದೆ. ಆ ದಿನಗಳಲ್ಲಿ ಗೂಡು ಕೆದಕಬೇಡಿ.

ತಪ್ಪು ಕಲ್ಪನೆ 6: ‘ಕಾಲು ಬಡದು ಕುಣಿಯಾಕ ಹತ್ತೇತಿ.’

ಸತ್ಯ: ಗಾಳಿಯಲ್ಲಿ ಜಿಗಿದು ಮೈ ತಿರುಚಿದರೆ ಅದು ಖುಷಿ. ನಿಂತಲ್ಲೇ ಹಿಂಗಾಲನ್ನು ನೆಲಕ್ಕೆ ದಪ್ಪೆಂದು ಬಡಿದರೆ ಅಪಾಯದ ಸೂಚನೆ. ನಮ್ಮ ಕಿವಿಗೆ 20 ಸಾವಿರ ಹರ್ಟ್ಸ್‌ವರೆಗಿನ ಸದ್ದು ಕೇಳಿದರೆ ಮೊಲಕ್ಕೆ 40 ಸಾವಿರ ದಾಟಿದ್ದೂ ಕೇಳುತ್ತದೆ. ಬೆಟಗೇರಿಯ ಮಗ್ಗದ ಒಂದೇ ಲಯದ ಸದ್ದಿಗೆ ಅದು ನಿಧಾನಕ್ಕೆ ಹೊಂದಿಕೊಳ್ಳಬಹುದು. ದೀಪಾವಳಿ ಪಟಾಕಿ, ಜಾತ್ರೆಯ ಸಿಡಿಮದ್ದು, ಡಿಜೆ ಸದ್ದಿಗೆ ಹೊಂದಿಕೊಳ್ಳುವುದು ಕಷ್ಟ. ಅಂಥ ದಿನ ಪಂಜರವನ್ನು ಒಳಕೋಣೆಗೆ ತಂದು, ಮೂರು ಬದಿಗೆ ಬಟ್ಟೆ ಮುಚ್ಚಿ, ಒಳಗೊಂದು ರಟ್ಟಿನ ಡಬ್ಬಿ ಇಡಿ.

ತಪ್ಪು ಕಲ್ಪನೆ 7: ‘ಹೆದರೇತಿ, ನಾಳೆ ತಾನ ತಿನ್ನತೈತಿ.’

ಸತ್ಯ: ಮೊಲದ ಕರುಳು ಸದಾ ಓಡುತ್ತಿರಬೇಕು. ಭಯ ಅಥವಾ ನೋವಿನಿಂದ ಅದು ನಿಂತರೆ ಪ್ರಾಣಕ್ಕೇ ಕುತ್ತು. ಹನ್ನೆರಡು ಗಂಟೆ ಹುಲ್ಲು ಮುಟ್ಟದಿದ್ದರೆ, ಹಿಕ್ಕೆ ಹಾಕದಿದ್ದರೆ ನಾಳೆಗೆ ಕಾಯುವಂತಿಲ್ಲ. ಸಾಧುವಾಗಿದ್ದ ಮೊಲ ಏಕಾಏಕಿ ಕಚ್ಚತೊಡಗಿದರೂ ಮೊದಲ ಅನುಮಾನ ನೋವಿನದ್ದೇ ಆಗಲಿ. ಅದರ ಹಲ್ಲು ಜೀವಮಾನವಿಡೀ ಬೆಳೆಯುತ್ತದೆ. ಒಣಹುಲ್ಲು, ಕರಿಕೆ ಸಾಲದಿದ್ದರೆ ಸವೆಯದೆ ಬಾಯಿ ಹುಣ್ಣು ಮಾಡುತ್ತದೆ. ತಗಡಿನ ಕೆಳಗಿನ ಬೇಸಿಗೆಯೂ ಕಾರಣವಿರಬಹುದು: ಮೊಲ ಬೆವರುವುದಿಲ್ಲ, 30 ಡಿಗ್ರಿ ದಾಟಿದರೆ ಒದ್ದಾಡುತ್ತದೆ.

ಮನೆಯ ಔಷಧಿ ಡಬ್ಬಿಗೆ ಮಾತ್ರ ಕೈ ಹಾಕಬೇಡಿ. ನಮಗೆ ಕೊಡುವ ಅಮಾಕ್ಸಿಸಿಲಿನ್ ಬಾಯಿಗೆ ಹಾಕಿದರೆ ಮೊಲ ಸಾಯಬಹುದು. ನಾಯಿಯ ಉಣ್ಣೆಗೆ ಸಿಂಪಡಿಸುವ ಫಿಪ್ರೊನಿಲ್ ಅದಕ್ಕೆ ವಿಷ. ಗದಗಿನಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯವೇ ಇದೆ, ತಾಲ್ಲೂಕುಗಳಲ್ಲಿ ಪಶು ಆಸ್ಪತ್ರೆಗಳಿವೆ. ಅಲ್ಲಿ ಕೇಳಿಯೇ ಔಷಧಿ ಕೊಡಿ.

ಮೊಲ ಕಚ್ಚಿತೆಂದು ಅದನ್ನು ಯಾರಿಗೋ ದಾಟಿಸುವ ಮುನ್ನ, ಕಪ್ಪತಗುಡ್ಡಕ್ಕೆ ಬಿಟ್ಟುಬರುವ ಯೋಚನೆಗೂ ಮುನ್ನ, ನಾಲ್ಕು ಪ್ರಶ್ನೆ ಕೇಳಿಕೊಳ್ಳಿ: ಅಡಗಲು ಜಾಗವಿದೆಯೇ, ಕೈ ಯಾವ ಕಡೆಯಿಂದ ಹೋಯಿತು, ಪ್ರಾಯಕ್ಕೆ ಬಂದಿದೆಯೇ, ಎಲ್ಲಾದರೂ ನೋವಿದೆಯೇ. ಸಾಕುಮೊಲ ಗುಡ್ಡದಲ್ಲಿ ನಾಯಿ ನರಿಗಳ ಬಾಯಿಗೆ ಬೀಳುತ್ತದೆ. ಅದನ್ನು ತಂದವರು ನಾವು. ಅದರ ಭಯ ಕಳೆಯುವ ಹೊಣೆಯೂ ನಮ್ಮದೇ.