ಕಾವಲುಗಾರನಿಗೂ ಒಬ್ಬ ಕಾವಲುಗಾರ

“ಸರ್, ನನ್ನ ಶರೀರವೇ ನನಗೆ ಶತ್ರುವಾದುದು ಹೇಗೆ?”

ದಿನವೂ ಇನ್ಸುಲಿನ್ ಚುಚ್ಚಿಕೊಂಡು ತರಗತಿಗೆ ಬರುವ ವಿದ್ಯಾರ್ಥಿನಿಯೊಬ್ಬಳು ಹೀಗೆ ಕೇಳಿದಾಗ, ಕನ್ನಡದ ಅಧ್ಯಾಪಕನಾದ ನಾನು ನಿರುತ್ತರನಾದೆ. ಆಕೆಯ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಕೋಶಗಳನ್ನು ನಾಶಮಾಡಿದವು ಹೊರಗಿನ ರೋಗಾಣುಗಳಲ್ಲ. ಅವಳನ್ನು ಕಾಯಬೇಕಾದ ರಕ್ತದ ಬಿಳಿಕಣಗಳೇ! ಬೇಲಿಯೇ ಎದ್ದು ಹೊಲ ಮೇಯ್ದಂತೆ.

ಆದರೆ ವಾಚಕರೇ, ನಿಜವಾದ ವಿಸ್ಮಯವೆಂದರೆ ನಮ್ಮಲ್ಲಿ ಬಹುಮಂದಿಗೆ ಈ ಅನರ್ಥ ಸಂಭವಿಸದಿರುವುದು. ಅದರ ಗುಟ್ಟನ್ನು ಓದಿ ತಿಳಿಯಲು ತೊಡಗಿದೆ.

ಎದೆಯೆಲುಬಿನ ಹಿಂದೆ, ಹೃದಯದ ಮೇಲ್ಗಡೆ, ಥೈಮಸ್ ಎಂಬ ಗ್ರಂಥಿಯೊಂದಿದೆ. ಬಾಲ್ಯದಲ್ಲಿ ದೊಡ್ಡದಾಗಿದ್ದು, ಪ್ರಾಯ ಬಂದಂತೆ ಕುಗ್ಗುತ್ತದೆ. ಅಸ್ಥಿಮಜ್ಜೆಯಲ್ಲಿ ಹುಟ್ಟಿದ ಎಳೆಯ ಕೋಶಗಳು ಇಲ್ಲಿಗೆ ಬಂದು ಟಿ-ಕೋಶಗಳಾಗಿ ಬಲಿಯುತ್ತವೆ.

1865ರಲ್ಲಿ ಬಾಸೆಲ್ ಮಿಶನ್ನಿನವರು ಹೆಂಚಿನ ಕಾರ್ಖಾನೆ ತೆರೆದ ಊರು ನಮ್ಮ ಮಂಗಳೂರು. ಹೆಂಚನ್ನು ತಟ್ಟಿ, ಖಣಿಲೆಂದು ನುಡಿಯದುದನ್ನು ಬದಿಗೆ ಸರಿಸುವುದು ಇಲ್ಲಿಯವರಿಗೆ ಹೊಸತಲ್ಲ. ಥೈಮಸ್ಸಿನಲ್ಲಿಯೂ ಅಂತಹುದೇ ಪರೀಕ್ಷೆ. ಶರೀರದ ಬೇರೆಬೇರೆ ಅಂಗಗಳ ಪ್ರೋಟೀನಿನ ತುಣುಕುಗಳನ್ನು, ಇನ್ಸುಲಿನ್ನಿನದನ್ನೂ ಸಹ, ಅಲ್ಲಿನ ಕೋಶಗಳು ಎತ್ತಿ ತೋರಿಸುತ್ತವೆ. ಏನನ್ನೂ ಗುರುತಿಸಲಾರದ ಎಳೆಯ ಕೋಶ ನಿರುಪಯುಕ್ತ, ಅದು ಸಾಯುತ್ತದೆ. ಸ್ವಂತದ ತುಣುಕಿಗೆ ಬಲವಾಗಿ ಅಂಟುವುದು ಅಪಾಯಕಾರಿ. ಅದೂ ಬಹುಮಟ್ಟಿಗೆ ಸಾಯುತ್ತದೆ. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಕೋಶಗಳು ಅಲ್ಲಿಯೇ ಅಳಿಯುತ್ತವೆ.

ಹೆಂಚಿನ ಕಾರ್ಖಾನೆಯಲ್ಲಿ ಕಾಣದ ಚೋದ್ಯವೊಂದು ಇಲ್ಲಿದೆ. ಹೀಗೆ ಸ್ವಂತಕ್ಕೆ ಅಂಟುವ ಕೋಶಗಳಲ್ಲಿ ಕೆಲವು ಸಾಯುವುದಿಲ್ಲ. ಅವುಗಳಲ್ಲಿ ಫಾಕ್ಸ್‌ಪಿ3 ಎಂಬ ಜೀನು ಎಚ್ಚರಗೊಳ್ಳುತ್ತದೆ. ಆ ಬಳಿಕ ಅವು ಹೊಡೆಯುವ ಭಟರಲ್ಲ. ಹೊಡೆಯಹೋದವರ ಕೈಯನ್ನು ತಡೆಯುವ ನಿಯಂತ್ರಕ ಟಿ-ಕೋಶಗಳು.

1969ರಲ್ಲಿ ಜಪಾನಿನ ವಿಜ್ಞಾನಿಗಳು ಹುಟ್ಟಿ ಮೂರು ದಿನವಾದ ಇಲಿಮರಿಗಳ ಥೈಮಸ್ಸನ್ನು ತೆಗೆದಾಗ ಅವುಗಳ ಅಂಡಾಶಯ ಕ್ಷಯಿಸಿತು. ಕಾದಾಡುವ ಕೋಶಗಳು ಆಗಲೇ ಗ್ರಂಥಿಯಿಂದ ಹೊರಟಿದ್ದವು. ತಡೆಯುವವು ಸಾಕಷ್ಟು ಹೊರಟಿರಲಿಲ್ಲ. ಈ ಒಗಟನ್ನು ಬೆನ್ನಟ್ಟಿದ ಶಿಮೋನ್ ಸಕಗುಚಿ 1995ರಲ್ಲಿ ನಿಯಂತ್ರಕ ಕೋಶಗಳನ್ನು ಗುರುತಿಸಿದರು. 2001ರಲ್ಲಿ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಫಾಕ್ಸ್‌ಪಿ3 ಜೀನನ್ನು ಕಂಡುಹಿಡಿದರು. ಅದು ಕೆಟ್ಟರೆ ಗಂಡುಮಕ್ಕಳು ಹಸುಳೆತನದಲ್ಲಿಯೇ ಉಗ್ರವಾದ ಸ್ವನಾಶಕ ರೋಗಗಳಿಗೆ ತುತ್ತಾಗುತ್ತಾರೆ. ಮೂವರಿಗೂ 2025ರ ವೈದ್ಯಕೀಯ ನೊಬೆಲ್ ಪಾರಿತೋಷಕ ಸಂದಿತು.

ಮರುವಾರ ಆ ಹುಡುಗಿಗೆ ಹೇಳಿದೆ: “ನಿನ್ನ ಶರೀರ ನಿನಗೆ ಶತ್ರುವಲ್ಲ, ಮಗೂ. ಅದರ ಕಾವಲು ಒಂದೆಡೆ ಸೋತಿದೆ. ಉಳಿದೆಡೆಗಳಲ್ಲಿ ಈ ಗಳಿಗೆಯಲ್ಲಿಯೂ ಎಚ್ಚರವಾಗಿದೆ.”

“ಆ ಕಾವಲುಗಾರರನ್ನು ಹೆಚ್ಚಿಸಲಾಗದೇ, ಸರ್?”

“ಆ ಪ್ರಯತ್ನ ನಡೆದಿದೆ. ಅಲ್ಲಿಯವರೆಗೆ ಇನ್ಸುಲಿನ್ ಮಾತ್ರ ತಪ್ಪಿಸಬೇಡ” ಎಂದೆ. ಅವಳು ನಕ್ಕಳು.